ಹಿತ್ತಲಿನ ಕಸ, ಅಂಗಡಿಯ ಕಸ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆ ಮನೆಯ ಸುತ್ತ ಒಂದಿಷ್ಟು ಜಾಗ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ಹತ್ತು ಸೆಂಟ್ಸ್ ಇರಲಿ, ಎರಡು ಎಕರೆ ಇರಲಿ. ನಾಲ್ಕು ತೆಂಗು, ಒಂದು ಬಾವಿ, ಒಂದು ಬಚ್ಚಲ ಒಲೆ ಇದ್ದರೆ ಸಾಕು. ದನ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಫ್ಲ್ಯಾಟಿನಲ್ಲಿ ಇರುವವರಿಗೆ ಇದರಲ್ಲಿ ಜಾಸ್ತಿ ಏನೂ ಸಿಗಲಿಕ್ಕಿಲ್ಲ.

ಹಳ್ಳಿ ಮನೆಯಲ್ಲಿ ಕಸದ್ದೇನು ದೊಡ್ಡ ವಿಷಯ? ಗುಂಡಿಗೆ ಹಾಕಿದರೆ ಮುಗೀತಲ್ವಾ?

ಅಜ್ಜಿಯರ ಕಾಲದಲ್ಲಿ ಮುಗಿಯುತ್ತಿತ್ತು. ಆಗ ಮನೆಯಲ್ಲಿ ಇದ್ದದ್ದೆಲ್ಲ ಹೆಚ್ಚುಕಡಿಮೆ ಮಣ್ಣಿಗೆ ಸೇರುವಂಥದ್ದೇ. ಈಗ ಎರಡು ಬಗೆಯ ಕಸ ಇದೆ. ಹಿತ್ತಲಲ್ಲಿ ಬೆಳೆದದ್ದು ಒಂದು, ಗೇಟಿನಿಂದ ಒಳಗೆ ಬಂದದ್ದು ಇನ್ನೊಂದು. ಮೊದಲನೆಯದು ಎಷ್ಟಿದ್ದರೂ ಜಾಗ ಅರಗಿಸಿಕೊಳ್ಳುತ್ತದೆ. ಅದಕ್ಕೆ ಎರಡನೆಯದು ಸ್ವಲ್ಪ ಸೇರಿದರೂ ಎರಡೂ ಹಾಳು. ಹಾಲಿನ ತೊಟ್ಟೆಯ (ಪ್ಲಾಸ್ಟಿಕ್ ಪ್ಯಾಕೆಟಿನ) ಚೂರು ತುಂಬಿದ ಗೊಬ್ಬರವನ್ನು ಬಸಳೆ ಬುಡಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಸಾಂಬಾರು ಮೆತ್ತಿದ ತೊಟ್ಟೆಯನ್ನು ಗುಜರಿಯವರೂ ಮುಟ್ಟುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ. ಇವೆರಡು ಒಂದಕ್ಕೊಂದು ಸೇರಬಾರದು.

ಬೆರೆತ ಕಸ ಒಂದೇ ಕಡೆ ಬೆಳೆದರೆ ಏನಾಗುತ್ತದೆ ಎಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್ ಮಳೆಗೆ ನಗರದ ಕಸ ಸುರಿಯುವ ಪಚ್ಚನಾಡಿಯ ಗುಡ್ಡ ಜರಿದು ಕೆಳಗಿನ ಮಂದಾರ ಎಂಬ ಊರಿಗೆ ಇಳಿಯಿತು. ಅಡಿಕೆ ತೋಟ, ತೆಂಗು, ಮನೆಗಳು ಅದರಡಿ ಹೋದವು. ಆ ಗುಡ್ಡದಲ್ಲಿ ಇದ್ದದ್ದೂ ಇದೇ, ತರಕಾರಿ ಸಿಪ್ಪೆ ಮತ್ತು ತೊಟ್ಟೆ.

ಎಲ್ಲಿಂದ ಶುರು ಮಾಡಬೇಕು?

ಅಡುಗೆಮನೆಯ ಬಾಗಿಲಿನಿಂದ. ಒಂದು ಬಾಲ್ದಿ ದನಕ್ಕೆ ಅಥವಾ ಕೋಳಿಗೆ, ಒಂದು ಗುಂಡಿಗೆ. ತೊಟ್ಟೆಗಳಿಗೆ ಬಾಲ್ದಿ ಬೇಡ, ಬಟ್ಟೆ ಒಣಗಿಸುವ ಹಗ್ಗ ಬೇಕು. ಹಾಲಿನ ತೊಟ್ಟೆಯ ಮೂಲೆ ಕತ್ತರಿಸುವಾಗ ತುಂಡು ಬೇರೆಯಾಗದಂತೆ ಕತ್ತರಿಸಿ. ಪಾತ್ರೆ ತೊಳೆಯುವಾಗಲೇ ಅದನ್ನೂ ಒಮ್ಮೆ ಅಲ್ಲಾಡಿಸಿ ತೊಳೆದು ಹಗ್ಗಕ್ಕೆ ಸಿಕ್ಕಿಸಿ. ಒಣಗಿದ ಮೇಲೆ ಗೋಣಿಗೆ ತುಂಬಿ. ತೊಳೆಯದೆ ತುಂಬಿದರೆ ಎರಡೇ ದಿನಕ್ಕೆ ಹುಳಿ ವಾಸನೆ, ಆಮೇಲೆ ಇರುವೆ. ಮನೆಯವರು ಈ ಕೆಲಸವನ್ನೇ ಬಿಟ್ಟುಬಿಡುವುದು ಆ ವಾಸನೆಗೇ.

ಅಡುಗೆಮನೆಯಿಂದ ಗುಂಡಿಗೆ ಹೋಗುವುದನ್ನೇ ಕಡಿಮೆ ಮಾಡಬಹುದಾ?

ನಮ್ಮ ಕರಾವಳಿಯ ಅಡುಗೆ ಇರುವುದೇ ಹಾಗೆ, ಸ್ವಲ್ಪ ನೆನಪು ಮಾಡಿಕೊಂಡರೆ ಸಾಕು. ಹೀರೆಕಾಯಿಯ ಸಿಪ್ಪೆ ಚಟ್ನಿಗೆ. ಸೌತೆಕಾಯಿಯ ತಿರುಳು ದೋಸೆಗೆ. ಬಚ್ಚಂಗಾಯಿಯ (ಕಲ್ಲಂಗಡಿಯ) ಕೆಂಪು ತಿಂದ ಮೇಲೆ ಉಳಿಯುವ ಬಿಳಿ ಭಾಗ ಅಕ್ಕಿಯ ಜೊತೆ ಅರೆದರೆ ಒಳ್ಳೆಯ ದೋಸೆ ಆಗುತ್ತದೆ. ಹೊರಗಿನ ಹಸಿರು ಸಿಪ್ಪೆ ದನಕ್ಕೆ. ಬಾಳೆಗೊನೆ ಕಡಿದ ದಿನ ದಿಂಡು ಪಲ್ಯಕ್ಕೆ, ಹೂವು ಚಟ್ನಿಗೆ, ಎಲೆ ಊಟಕ್ಕೆ, ಹೊರಗಿನ ಪಟ್ಟೆಯ ನಾರು ಮಲ್ಲಿಗೆ ಕಟ್ಟಲು. ಶಂಕರಪುರ ಮಲ್ಲಿಗೆಯನ್ನು ಇವತ್ತಿಗೂ ಬಾಳೆ ನಾರಿನಲ್ಲೇ ಕಟ್ಟುತ್ತಾರೆ. ಗಿಡಕ್ಕೆ ಆಧಾರದ ಕೋಲು ಕಟ್ಟಲೂ ಅದೇ ಆಗುತ್ತದೆ. ಪ್ಲಾಸ್ಟಿಕ್ ದಾರ ತರುವುದೇ ಬೇಡ.

ಹಲಸಿನ ಕಾಲದಲ್ಲಿ ಮಾತ್ರ ಎಲ್ಲರೂ ಸೋಲುತ್ತಾರೆ. ಒಂದು ಮರ ಒಂದೇ ವಾರದಲ್ಲಿ ಇಪ್ಪತ್ತು ಹಣ್ಣು ಬೀಳಿಸಿದರೆ ಏನು ಮಾಡುವುದು? ಬೆಳೆದ ಕಾಯಿಯನ್ನು ಹಣ್ಣಾಗುವ ಮೊದಲೇ ಇಳಿಸಿ ಸೊಳೆ ಬಿಡಿಸಿ ಉಪ್ಪಿನಲ್ಲಿ ಹಾಕಿ. ಮಳೆ ಜೋರಿರುವ ಆಟಿ ತಿಂಗಳಲ್ಲಿ ತರಕಾರಿ ಇಲ್ಲದಾಗ ಇದೇ ಪಲ್ಯ, ಇದೇ ಉಂಡಲಕಾಳು. ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಒಣಗಿಸಿಟ್ಟರೆ ಮಳೆಗಾಲ ದಾಟುತ್ತದೆ. ಉಳಿದ ಸಿಪ್ಪೆ ಹಟ್ಟಿಗೆ. ದನಕ್ಕೆ ಒಮ್ಮೆಲೇ ಜಾಸ್ತಿ ಹಣ್ಣು ಮಾತ್ರ ಹಾಕಬೇಡಿ, ಹೊಟ್ಟೆ ಉಬ್ಬರಿಸುತ್ತದೆ.

ಅಕ್ಕಿ ತೊಳೆದ ನೀರನ್ನು, ಗಂಜಿ ತಿಳಿಯನ್ನು ಬಚ್ಚಲಿಗೆ ಚೆಲ್ಲುವ ಮನೆಗಳನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ದನ ಇಲ್ಲದಿದ್ದರೆ ಮೆಣಸಿನ ಗಿಡದ ಬುಡಕ್ಕಾದರೂ ಹಾಕಿ.

ತೆಂಗಿನ ಮರದ್ದೇ ರಾಶಿ ಬೀಳುತ್ತದೆ. ಗರಿ, ಸಿಪ್ಪೆ, ಗೆರಟೆ ಎಲ್ಲ ಏನು ಮಾಡುವುದು?

ಒಂದು ಮರ ವರ್ಷಕ್ಕೆ ಸುಮಾರು 12 ಗರಿ ಉದುರಿಸುತ್ತದೆ. ಹತ್ತು ಮರ ಇದ್ದರೆ ಮೂರು ದಿನಕ್ಕೊಂದು ಗರಿ ಅಂಗಳದಲ್ಲಿ. ಇದನ್ನು ಕಸ ಅಂದುಕೊಂಡರೆ ತಲೆಬಿಸಿ. ಬಿಡಿಸಿ ನೋಡಿದರೆ ಪ್ರತಿಯೊಂದು ಭಾಗಕ್ಕೂ ಕೆಲಸ ಇದೆ.

ಗರಿಯ ಕಡ್ಡಿ ಹಿಡಿಸೂಡಿಗೆ. ಸಂಜೆ ಟಿವಿ ನೋಡುತ್ತಾ ಕೀಸಬಹುದು. ದಪ್ಪ ದಂಟು ಬಚ್ಚಲ ಒಲೆಗೆ. ಎಲೆಯನ್ನು ಗೊಬ್ಬರ ಮಾಡಬೇಕಾದರೆ ತಾಳ್ಮೆ ಬೇಕು, ಅದು ಮಾವಿನ ಎಲೆಯ ಹಾಗೆ ಬೇಗ ಕೊಳೆಯುವುದಿಲ್ಲ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟಗಾರಿಕೆ ಬೆಳೆಗಳ ಸಂಶೋಧನಾ ಸಂಸ್ಥೆ, ಇದಕ್ಕೆ ಒಂದು ದಾರಿ ಮಾಡಿಕೊಟ್ಟಿದೆ. ಗರಿಯನ್ನು ಕತ್ತರಿಸಿ, ಸಗಣಿ ನೀರು ಚಿಮುಕಿಸಿ ಎರಡು ಮೂರು ವಾರ ಮೆದುವಾಗಲು ಬಿಡಬೇಕು. ಆಮೇಲೆ ಯೂಡ್ರಿಲಸ್ ಎಂಬ ಜಾತಿಯ ಎರೆಹುಳ ಬಿಡಬೇಕು. ಎರಡೂವರೆ ಮೂರು ತಿಂಗಳಲ್ಲಿ ಕಪ್ಪು ಪುಡಿ ಗೊಬ್ಬರ ಸಿಗುತ್ತದೆ. ಅವಸರ ಮಾಡಿ ಹಸಿ ಸಗಣಿಯ ರಾಶಿಗೇ ಹುಳ ಬಿಟ್ಟರೆ ಬಿಸಿಗೆ ಸಾಯುತ್ತವೆ.

ಸಿಪ್ಪೆಯನ್ನು ಮಾರುವ ಮೊದಲು ಯೋಚಿಸಿ. ಅದರಲ್ಲಿ ಪೊಟ್ಯಾಷ್ ಇದೆ, ಬೇಸಿಗೆಯಲ್ಲಿ ನೀರನ್ನು ಹಿಡಿದಿಡುತ್ತದೆ. ಮರದ ಬುಡದ ಸುತ್ತ ಬೆನ್ನು ಮೇಲೆ, ಹೊಟ್ಟೆ ಕೆಳಗೆ ಬರುವಂತೆ ಮಗುಚಿ ಹಾಸಿ. ನೀರು ನಿಲ್ಲುವುದಿಲ್ಲ, ಸೊಳ್ಳೆಯೂ ಆಗುವುದಿಲ್ಲ. ಮಣ್ಣಿನಡಿ ಹೂತರೆ ಐದಾರು ವರ್ಷ ಅದರ ಗುಣ ಉಳಿಯುತ್ತದೆ.

ಗೆರಟೆ ಬೆಂಕಿಗೆ ಬಹಳ ಒಳ್ಳೆಯದು, ಇಸ್ತ್ರಿ ಪೆಟ್ಟಿಗೆಯವರೂ ಕೇಳುತ್ತಾರೆ. ಕಣ್ಣಿನ ಕಡೆಯ ಅರ್ಧಕ್ಕೆ ತೂತು ಇರುವುದರಿಂದ ಸಸಿ ಎಬ್ಬಿಸಲು ಆಗುತ್ತದೆ. ಉಳಿದ ಅರ್ಧಕ್ಕೆ ಬಿದಿರಿನ ಹಿಡಿ ಸಿಕ್ಕಿಸಿದರೆ ಸೌಟು.

ಅಡಿಕೆ ಹಾಳೆ?

ಚೆನ್ನಾಗಿರುವುದನ್ನು ತಟ್ಟೆ ಮಾಡುವ ಘಟಕದವರು ಕೊಳ್ಳುತ್ತಾರೆ. ಬಿದ್ದ ದಿನವೇ ಹೆಕ್ಕಿ ಒಣಗಿಸಿಡಬೇಕು, ಬೂಸರು ಹಿಡಿದರೆ ಬೆಲೆ ಇಲ್ಲ. ಹಸಿ ಹಾಳೆ ದನಕ್ಕೆ. ಸೋಗೆ ಹಟ್ಟಿಗೆ ಹಾಸಲು, ಬೇಸಿಗೆಯಲ್ಲಿ ಸಸಿಗಳಿಗೆ ನೆರಳು ಮಾಡಲು. ಹಾಳೆಯ ಟೊಪ್ಪಿ, ಅಂದರೆ ಮುಟ್ಟಾಳೆ ಮಾಡಲು ಗೊತ್ತಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಮಕ್ಕಳನ್ನು ಅವರ ಪಕ್ಕ ಕೂರಿಸಿ.

ಮಳೆಗಾಲದಲ್ಲಿ ಗೊಬ್ಬರದ ಗುಂಡಿ ನಾರುತ್ತದೆ. ಏನು ಮಾಡಿದರೂ ಸರಿಯಾಗುತ್ತಿಲ್ಲ.

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಪುಸ್ತಕಗಳಲ್ಲಿ ಗುಂಡಿ ತೋಡಿ ಎಂದು ಬರೆದಿರುತ್ತಾರೆ. ಆ ಮಾತು ಬಯಲುಸೀಮೆಗೆ ಸರಿ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಂಡಿ ಎಂದರೆ ಸಣ್ಣ ಕೆರೆ. ನೀರು ತುಂಬಿದ ಕಡೆ ಗಾಳಿ ಇಲ್ಲ, ಗಾಳಿ ಇಲ್ಲದ ಕಡೆ ಕಸ ಗೊಬ್ಬರ ಆಗುವ ಬದಲು ಕೊಳೆತು ನಾರುತ್ತದೆ. ಸಾರವೆಲ್ಲ ನೀರಿನ ಜೊತೆ ಇಳಿದು ಹೋಗುತ್ತದೆ. ಪಕ್ಕದಲ್ಲೇ ಬಾವಿ ಇದ್ದರೆ ಎಲ್ಲಿಗೆ ಇಳಿಯುತ್ತದೆ ಎಂದು ಬೇರೆ ಹೇಳಬೇಕಾ?

ಹಾಗಾಗಿ ಮಳೆಗಾಲಕ್ಕೆ ನೆಲದ ಮೇಲೆಯೇ ರಾಶಿ ಮಾಡಿ. ಸ್ವಲ್ಪ ಎತ್ತರದ ಜಾಗ, ಸುತ್ತ ಕೆಂಪುಕಲ್ಲನ್ನು ಸಂದು ಬಿಟ್ಟು ಜೋಡಿಸಿದ ಕಟ್ಟೆ, ಮೇಲೆ ಹಳೆಯ ಹಂಚು ಅಥವಾ ಮಡಲಿನ ಮಾಡು. ತಳಕ್ಕೆ ತೆಂಗಿನ ಸಿಪ್ಪೆ ಹಾಕಿ, ನೀರು ಬಸಿಯುತ್ತದೆ. ಇಷ್ಟು ಮಾಡಿದರೆ ಮುಕ್ಕಾಲು ತೊಂದರೆ ಹೋಯಿತು.

ಉಳಿದ ಕಾಲು ಭಾಗ ಒಣ ಎಲೆಯದ್ದು. ಅಡುಗೆಮನೆಯ ಒಂದು ಬಾಲ್ದಿ ಹಸಿಕಸಕ್ಕೆ ಎರಡು ಬಾಲ್ದಿ ತರಗೆಲೆ ಬೇಕು. ಜುಲೈ ತಿಂಗಳಲ್ಲಿ ಒಣಗಿದ ತರಗೆಲೆ ಎಲ್ಲಿದೆ? ಅದನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಮಾಡಿಟ್ಟುಕೊಳ್ಳಬೇಕು. ಗೇರು, ಹಲಸು, ಮಾವಿನ ಎಲೆ ಉದುರುವಾಗ ಗುಡಿಸಿ ಬೆಂಕಿ ಹಾಕುತ್ತಾರಲ್ಲ, ಅದನ್ನೇ ಗೋಣಿಗೆ ತುಂಬಿ ಸೌದೆ ಕೊಟ್ಟಿಗೆಯಲ್ಲಿ ಇಡಿ. ಪೇಟೆಯವರು ಕೋಕೋಪೀಟ್ ದುಡ್ಡು ಕೊಟ್ಟು ತರುವುದು ಇದೇ ಕೆಲಸಕ್ಕೆ.

ಪರೀಕ್ಷೆ ಸುಲಭ. ರಾಶಿಯಿಂದ ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿದರೆ ತರಗೆಲೆ ಸೇರಿಸಿ ಮಗುಚಿ. ಹಿಡಿ ಬಿಟ್ಟ ಕೂಡಲೇ ಪುಡಿಪುಡಿ ಉದುರಿದರೆ ನೀರು ಚಿಮುಕಿಸಿ. ಗುಂಡಿಯೇ ಬೇಕು ಎನ್ನುವವರು ನವೆಂಬರ್‌ನಿಂದ ಮೇ ತನಕ ಬಳಸಲಿ, ಆಗ ತೇವ ಉಳಿಯಲು ಅದೇ ಒಳ್ಳೆಯದು.

ರಾಶಿಯಲ್ಲಿ ಹುಳ ಆಗಿದೆ. ಬಿಸಿನೀರು ಹಾಕಲಾ?

ಯಾವ ಹುಳ ಎಂದು ಮೊದಲು ನೋಡಿ. ಬೂದು ಬಣ್ಣದ, ಚಪ್ಪಟೆ, ಅಕ್ಕಿಕಾಳಿಗಿಂತ ದೊಡ್ಡ ಹುಳಗಳು ಗಿಜಿಗುಟ್ಟುತ್ತಿದ್ದರೆ ಅದು ಕಪ್ಪು ಸೈನಿಕ ನೊಣದ ಮರಿ. ನೋಡಲು ಅಸಹ್ಯ, ಕೆಲಸ ಭರ್ಜರಿ. ಅನ್ನ, ಪಲ್ಯ ಎಲ್ಲ ಮುಗಿಸಿಬಿಡುತ್ತವೆ. ಮರಿ ಬೆಳೆದು ಆದ ನೊಣ ಊಟದ ಮೇಲೆ ಬಂದು ಕೂರುವುದಿಲ್ಲ. ಕೋಳಿ ಬಿಟ್ಟರೆ ಅವು ಆರಿಸಿ ತಿನ್ನುತ್ತವೆ.

ಹೆಬ್ಬೆರಳಿನಷ್ಟು ದಪ್ಪ, ಬಿಳಿ ಮೈ, ಕಂದು ತಲೆ, ಮುರುಟಿ ಮಲಗಿದ ಹುಳವಾದರೆ ಬಿಡಬೇಡಿ. ಅದು ಕುರುವಾಯಿ ದುಂಬಿಯ ಮರಿ ಇರಬಹುದು. ದೊಡ್ಡದಾಗಿ ತೆಂಗಿನ ಸುಳಿ ಕೊರೆಯುವುದು ಇದೇ. ಗೊಬ್ಬರದ ರಾಶಿ, ಕೊಳೆತ ತೆಂಗಿನ ಬೊಡ್ಡೆ ಇದರ ಹೆರಿಗೆ ಮನೆ. ತಿಂಗಳಿಗೊಮ್ಮೆ ರಾಶಿ ಮಗುಚಿ, ಸಿಕ್ಕಿದ್ದನ್ನು ಕೋಳಿಗೆ ಹಾಕಿ. ಜಾಸ್ತಿ ಇದ್ದರೆ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರದ ಪುಡಿಯನ್ನು ರಾಶಿಗೆ ಬೆರೆಸುತ್ತಾರೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಬಳಸುವ ಕ್ರಮ ಹೇಳುತ್ತಾರೆ. ಬಿದ್ದ ತೆಂಗಿನ ಮರವನ್ನು ಹಾಗೇ ಕೊಳೆಯಲು ಮಾತ್ರ ಬಿಡಬೇಡಿ, ಸೀಳಿ ಸೌದೆ ಮಾಡಿ.

ಮೀನಿನ ಕಸ ಹಾಕಿದರೆ ನಾಯಿ ಬಂದು ಕೆದಕುತ್ತದೆ.

ನಾಯಿ, ಬೆಕ್ಕು, ಕಾಗೆ ಎಲ್ಲ ಬರುತ್ತವೆ. ಬಂಗುಡೆ ತಲೆ, ಬೂತಾಯಿ ಕರುಳನ್ನು ರಾಶಿಯ ಮೇಲೆ ಎಸೆಯಬೇಡಿ. ತೆಂಗು ಅಥವಾ ಬಾಳೆಯ ಬುಡದಿಂದ ಸ್ವಲ್ಪ ದೂರದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತು, ಮೇಲೆ ಮಣ್ಣು ಹಾಕಿ ಒಂದು ಕೆಂಪುಕಲ್ಲು ಇಡಿ. ಕಲ್ಲು ಮರೆತರೆ ಬೆಳಿಗ್ಗೆ ಎಲ್ಲ ಅಂಗಳದಲ್ಲಿ ಇರುತ್ತದೆ.

ಇನ್ನೊಂದು ದಾರಿ ಇದೆ. ಮೀನಿನ ಕಸ, ಅಷ್ಟೇ ತೂಕದ ಬೆಲ್ಲ ಒಂದು ಭರಣಿಯಲ್ಲಿ ಹಾಕಿ, ಗಾಳಿ ಸ್ವಲ್ಪ ಆಡುವಂತೆ ಮುಚ್ಚಿ ಒಂದು ತಿಂಗಳು ನೆರಳಲ್ಲಿ ಬಿಡಿ. ಸೋಸಿದರೆ ಕಂದು ಬಣ್ಣದ ದ್ರವ. ಲೀಟರ್ ನೀರಿಗೆ 5 ಮಿಲಿಲೀಟರ್ ಬೆರೆಸಿ ತರಕಾರಿಗೆ ಸಿಂಪಡಿಸಬಹುದು. ಇದಕ್ಕೆ ಹಳೆಯ ಕಪ್ಪು ಬೆಲ್ಲ ಸಾಕು.

ಮರುವಾಯಿ ಚಿಪ್ಪನ್ನು ಜಜ್ಜಿ ಕೋಳಿಗೆ ಹಾಕಿದರೆ ಮೊಟ್ಟೆಯ ಓಡು ಗಟ್ಟಿಯಾಗುತ್ತದೆ.

ತೊಟ್ಟೆ, ಪ್ಲಾಸ್ಟಿಕ್ ಎಲ್ಲ ಬಚ್ಚಲ ಒಲೆಗೆ ಹಾಕಿದರೆ ಏನು? ನೀರೂ ಬಿಸಿಯಾಗುತ್ತದೆ, ಕಸವೂ ಖಾಲಿ.

ಊರಲ್ಲಿ ಹೆಚ್ಚಿನ ಮನೆಯಲ್ಲಿ ನಡೆಯುವುದು ಇದೇ. ಬೇಡ. ಕಾರಣ ಮೂರು.

ಹೊಗೆಯನ್ನು ಉಸಿರಾಡುವುದು ಒಲೆಯ ಮುಂದೆ ಕೂತವರು, ಅಂದರೆ ಮನೆಯ ಹೆಂಗಸರು, ಮಕ್ಕಳು. ಬಚ್ಚಲ ಒಲೆಯ ಬೆಂಕಿಯಲ್ಲಿ ಪ್ಲಾಸ್ಟಿಕ್ ಪೂರ್ತಿ ಉರಿಯುವುದಿಲ್ಲ. ಪೈಪಿನ ತುಂಡು, ರೆಕ್ಸಿನ್‌ನಂಥ ಪಿವಿಸಿ ಸಾಮಾನು ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಒಂದು.

ಎರಡನೆಯದನ್ನು ಯಾರೂ ಯೋಚಿಸುವುದಿಲ್ಲ. ಬೂದಿ. ಬದನೆಗೆ, ತೊಂಡೆಗೆ, ತೆಂಗಿಗೆ ಹಾಕುವುದು, ಪಾತ್ರೆ ತಿಕ್ಕುವುದು ಇದೇ ಬೂದಿಯಿಂದ ಅಲ್ವಾ? ಒಂದು ದಿನ ಪ್ಲಾಸ್ಟಿಕ್ ಸುಟ್ಟರೆ ಆ ಒಲೆಯ ಬೂದಿ ಅಡುಗೆಮನೆಗೂ ಬೇಡ, ತರಕಾರಿಗೂ ಬೇಡ. ಬಿಟ್ಟಿ ಸಿಗುವ ಒಳ್ಳೆಯ ಗೊಬ್ಬರ ಕೈಬಿಟ್ಟ ಹಾಗೆ.

ಮೂರು, ಕಾನೂನು. ಘನತ್ಯಾಜ್ಯ ನಿಯಮಗಳಲ್ಲಿ ಕಸ ಸುಡುವುದಕ್ಕೂ, ಎಲ್ಲೆಂದರಲ್ಲಿ ಹೂಳುವುದಕ್ಕೂ ನಿಷೇಧ ಇದೆ.

ಹಾಗಾದರೆ ತೊಟ್ಟೆ ಎಲ್ಲಿಗೆ? ತೊಳೆದು ಒಣಗಿಸಿ ಪಂಚಾಯಿತಿ ಗಾಡಿಗೆ. ಕುಂದಾಪುರ ಕಡೆಯ ವಂಡ್ಸೆಯಲ್ಲಿ ಪಂಚಾಯಿತಿಯೇ ಎಸ್‌ಎಲ್‌ಆರ್‌ಎಂ, ಅಂದರೆ ಘನ, ದ್ರವ ಸಂಪನ್ಮೂಲ ನಿರ್ವಹಣೆಯ ಘಟಕ ನಡೆಸಿ ತೋರಿಸಿತು. ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯಿತಿಗಳ ಒಣಕಸ ವಿಂಗಡಿಸುವ ಎಂಆರ್‌ಎಫ್ ಘಟಕ ಇದೆ. ಅಲ್ಲಿ ಕೈಯಿಂದ ವಿಂಗಡಿಸುವವರೂ ನಮ್ಮೂರಿನವರೇ. ಮೀನಿನ ನೀರು ಸೋರುವ ಗೋಣಿ ಕೊಟ್ಟರೆ ಅವರು ಏನು ಮಾಡಬೇಕು?

ಅದಕ್ಕಿಂತ ಒಳ್ಳೆಯದು ತೊಟ್ಟೆ ತರದೇ ಇರುವುದು. 120 ಮೈಕ್ರಾನ್‌ಗಿಂತ ತೆಳ್ಳಗಿನ ಕೈಚೀಲವನ್ನು 2022ರ ಡಿಸೆಂಬರ್ 31ರಿಂದ ನಿಷೇಧಿಸಿದ್ದಾರೆ, ಆದರೂ ಮಾರ್ಕೆಟಿನಲ್ಲಿ ಸಿಗುತ್ತದೆ. ಮೀನಿಗೆ ಮುಚ್ಚಳ ಇರುವ ಸ್ಟೀಲ್ ಡಬ್ಬಿ, ದಿನಸಿಗೆ ಬಟ್ಟೆ ಚೀಲ. ಡಬ್ಬಿ ಸ್ಕೂಟರಿನಲ್ಲೇ ಇರಲಿ. ಮನೆಯಲ್ಲಿ ಇಟ್ಟ ಡಬ್ಬಿ ಮನೆಯಲ್ಲೇ ಉಳಿಯುತ್ತದೆ.

ಬೂದಿಯನ್ನು ಎಷ್ಟು ಹಾಕಬಹುದು?

ನಮ್ಮದು ಹುಳಿ ಮಣ್ಣು, ಬೂದಿ ಅದಕ್ಕೆ ಒಗ್ಗುತ್ತದೆ. ಪೊಟ್ಯಾಷ್ ಕೂಡ ಸಿಗುತ್ತದೆ. ತರಕಾರಿ ಗಿಡಕ್ಕೆ ತಿಂಗಳಿಗೆ ಒಂದು ಹಿಡಿ ಸಾಕು. ಹಸಿ ಸಗಣಿ ಅಥವಾ ಯೂರಿಯಾದ ಜೊತೆ ಒಟ್ಟಿಗೆ ಹಾಕಬೇಡಿ. ಸಾರಜನಕ ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ. ಮಳೆಗಾಲಕ್ಕೆ ಡಬ್ಬಿಯಲ್ಲಿ ಮುಚ್ಚಿಡಿ, ನೆನೆದ ಬೂದಿಯಲ್ಲಿ ಸತ್ವ ಇರುವುದಿಲ್ಲ.

ಹಳೆ ಮನೆ ಬಿಚ್ಚುತ್ತಿದ್ದೇವೆ. ಹಂಚು, ಮರ, ಕಲ್ಲು ಇಟ್ಟುಕೊಳ್ಳುವುದು ಲಾಭವಾ?

ಖಂಡಿತ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆಯ ಮಾಡಿನ ರೂಪವೇ ಬದಲಾಯಿತು. ಹಳೆಯ ಹಂಚು ಇವತ್ತಿಗೂ ಗಟ್ಟಿ. ಬೆರಳಿನಿಂದ ಬಡಿದು ನೋಡಿ. ಟಣ್ ಎಂದರೆ ಇಟ್ಟುಕೊಳ್ಳಿ, ಡಬ್ ಎಂದರೆ ಬಿರುಕು ಇದೆ. ಒಡೆದದ್ದನ್ನು ಹೂಕುಂಡದ ತಳಕ್ಕೆ, ಹಿತ್ತಲಿನ ದಾರಿಗೆ ಹಾಕಬಹುದು. ಹಂಚಿನ ಹುಡಿಗೆ ಹುಣಸೆಹುಳಿ ಸೇರಿಸಿ ತಿಕ್ಕಿದರೆ ಹಿತ್ತಾಳೆ ದೀಪ ಹೊಳೆಯುತ್ತದೆ.

ಮಣ್ಣು, ಸುಣ್ಣದಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆ ಬಿಚ್ಚಿದರೆ ಕಲ್ಲು ಇಡಿಯಾಗಿ ಸಿಗುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದು ಒಡೆದು ಚೂರಾಗುತ್ತದೆ. ಹಲಸು, ಹೆಬ್ಬಲಸಿನ ಪಕ್ಕಾಸುಗಳನ್ನು (ಮಾಡಿನ ಮರದ ಪಟ್ಟಿಗಳನ್ನು) ಯಾರಾದರೂ ಕಮ್ಮಿ ಬೆಲೆಗೆ ಕೇಳಿದರೆ ಕೊಡಬೇಡಿ. ಹೊಸತಾಗಿ ಅಂಥ ಮರ ತರಲು ಹೋದರೆ ಬೆಲೆ ಗೊತ್ತಾಗುತ್ತದೆ. ಮೊಳೆ ಕಿತ್ತು, ಗೆದ್ದಲು ನೋಡಿ, ನೆಲ ತಾಗದಂತೆ ಕಲ್ಲಿನ ಮೇಲೆ ಪೇರಿಸಿ.

ಹಳೆಯ ಸಿಮೆಂಟ್ ಶೀಟ್ ಇದ್ದರೆ ಹುಷಾರು. ಅದರಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಡೆಯಬೇಡಿ, ಗರಗಸ ಹಾಕಬೇಡಿ. ನೀರು ಹಾಕಿ ನೆನೆಸಿ ಇಡಿಯಾಗಿ ಇಳಿಸಿ.

ಮಲ್ಪೆಯಿಂದ ಹಳೆ ಬಲೆ ತಂದು ಬೇಲಿ ಮಾಡಬಹುದಾ?

ಮಾಡಬಹುದು, ಅಲಸಂದೆ, ಹೀರೆ ಹಬ್ಬಿಸಲು ಬಹಳ ಚೆನ್ನಾಗಿದೆ. ಆದರೆ ನೆಲಕ್ಕೆ ತಾಗದಂತೆ ಒಂದು ಅಡಿ ಮೇಲೆ ಕಟ್ಟಿ. ಕೇರೆ ಹಾವು ಅದರಲ್ಲಿ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಇಲಿ ಹಿಡಿಯುವ ಕೇರೆ ಹೋದರೆ ನಷ್ಟ ನಮಗೇ. ಬಲೆ ಜೂಲುಜೂಲಾಗುವ ಮೊದಲು ಬಿಚ್ಚಿ ಒಣಕಸಕ್ಕೆ ಕೊಡಿ. ನೈಲಾನ್ ಮಣ್ಣಲ್ಲಿ ಕರಗುವುದಿಲ್ಲ.

ಮೈಲುತುತ್ತು ಕಲಸಿದ ಡ್ರಮ್ ತೊಳೆದು ನೀರಿಗೆ ಇಡಬಹುದಾ?

ಕುಡಿಯುವ ನೀರಿಗೆ, ದನದ ನೀರಿಗೆ ಬೇಡ. ಮುಂದಿನ ವರ್ಷದ ಅಡಿಕೆ ಕೊಳೆರೋಗದ ಮದ್ದಿಗೇ ಇರಲಿ. ಕೀಟನಾಶಕದ ಬಾಟಲಿಯನ್ನಂತೂ ಯಾವುದಕ್ಕೂ ಬಳಸಬೇಡಿ. ತೂತು ಮಾಡಿ ಬೇರೆ ಕಟ್ಟಿ ಕೊಡಿ. ಎಂಡೋಸಲ್ಫಾನ್ ಏನು ಮಾಡಿತು ಎಂದು ಕಣ್ಣಾರೆ ಕಂಡ ಜಿಲ್ಲೆ ನಮ್ಮದು.

ಸಾಮಾನು ಎತ್ತಿಟ್ಟರೆ ಸೊಳ್ಳೆ ಆಗುತ್ತದೆ ಎನ್ನುತ್ತಾರೆ ಆಶಾ ಕಾರ್ಯಕರ್ತೆ.

ಅವರು ಹೇಳುವುದು ಸರಿ. ಡೆಂಗಿ ಸೊಳ್ಳೆಗೆ ಒಂದು ಗೆರಟೆ ನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ. ಟಯರು, ಬಿದ್ದ ಹಾಳೆ, ರಬ್ಬರಿನ ಚಿಪ್ಪು, ಟರ್ಪಾಲಿನ ಮಡಿಕೆ, ಎಲ್ಲದರಲ್ಲೂ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ವಾರಕ್ಕೊಂದು ದಿನ ತೋಟ ಸುತ್ತಿ ಎಲ್ಲ ಮಗುಚಿ ಹಾಕಿ. ಮಾಡಿನಡಿ ಇಡಲು ಜಾಗ ಇಲ್ಲದ್ದನ್ನು ಎತ್ತಿಡಲೇಬೇಡಿ.

ಪಾತ್ರೆ, ಬಟ್ಟೆ ತೊಳೆದ ನೀರು?

ಬಾಳೆ, ಕೆಸು, ತೆಂಗಿಗೆ ಬಿಡಿ. ಒಂದೇ ಕಡೆ ನಿಲ್ಲದಂತೆ ಆಗಾಗ ಜಾಗ ಬದಲಿಸಿ. ಕೆಂಪುಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ, ಬಾವಿಯಿಂದ 50 ಅಡಿಯಾದರೂ ದೂರ ಇರಲಿ. ಎಣ್ಣೆ ಪಾತ್ರೆಗೆ ಮೊದಲು ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದರೆ ಸೋಪು ಅರ್ಧ ಸಾಕು.

ದನ ಇದೆ. ಗೋಬರ್ ಗ್ಯಾಸ್ ಮಾಡಿಸಲಾ?

ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಎರಡು ಮೂರು ದನ ಇದ್ದರೆ ಮಾತ್ರ ಯೋಚಿಸಿ. ಗ್ಯಾಸ್ ಆದ ಮೇಲೆ ಹೊರಬರುವ ಸ್ಲರಿ ಅಡಿಕೆಗೆ ಚೆನ್ನಾಗಿ ಹಿಡಿಯುತ್ತದೆ.

ಪ್ಯಾಡ್, ಡೈಪರ್, ಟ್ಯೂಬ್‌ಲೈಟ್?

ಹಿತ್ತಲಲ್ಲಿ ಇದಕ್ಕೆ ಉತ್ತರ ಇಲ್ಲ. ಪ್ಯಾಡ್, ಡೈಪರನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬಟ್ಟೆ ಪ್ಯಾಡ್, ಮುಟ್ಟಿನ ಕಪ್ ಒಗ್ಗುವವರಿಗೆ ಈ ತಲೆಬಿಸಿಯೇ ಇಲ್ಲ. ಟ್ಯೂಬ್‌ಲೈಟಿನಲ್ಲಿ ಪಾದರಸ ಇದೆ, ಒಡೆಯದೆ ಇಡಿ. ಸೆಲ್, ಹಳೆ ಮಾತ್ರೆಗಳೂ ಬೇರೆ ಡಬ್ಬಿಗೆ.

ಮನೆಯಲ್ಲಿ ತಂಬಿಲ, ಪೂಜೆ ಇದೆ. ನೂರು ಜನ ಊಟಕ್ಕೆ.

ಬಾಳೆಲೆ ಹೇಗೂ ಇದೆ. ತೊಂದರೆ ಬರುವುದು ಲೋಟದಿಂದ. ಪೇಪರ್ ಲೋಟದ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ, ಗೊಬ್ಬರ ಆಗುವುದಿಲ್ಲ. ಸ್ಟೀಲ್ ಲೋಟ ಬಾಡಿಗೆಗೆ ತನ್ನಿ, ತೊಳೆಯಲು ಇಬ್ಬರಿಗೆ ಸಂಬಳ ಕೊಡಿ. ನೀರಿನ ಸಣ್ಣ ಬಾಟಲಿ ಇಡುವುದು ಮರ್ಯಾದೆ ಎಂದು ಈಗೀಗ ಶುರುವಾಗಿದೆ. ಬಾವಿ ಇರುವ ಮನೆಯಲ್ಲಿ ಅದು ಸುಮ್ನೆ ಖರ್ಚು. ಊಟದ ಎಲೆಯನ್ನು ದನಕ್ಕೆ ಹಾಕುವ ಮೊದಲು ಒಮ್ಮೆ ಕೊಡವಿ ನೋಡಿ, ಐಸ್‌ಕ್ರೀಮ್ ಚಮಚ ಒಳಗೆ ಇರುತ್ತದೆ.

ಎಲ್ಲ ಎತ್ತಿಟ್ಟು ಎತ್ತಿಟ್ಟು ಮನೆಯೇ ಗುಜರಿ ಅಂಗಡಿ ಆಗಿದೆ. ಅತ್ತೆ ಒಂದು ಡಬ್ಬಿಯನ್ನೂ ಬಿಸಾಡಲು ಬಿಡುವುದಿಲ್ಲ.

ಇದು ಎರಡನೇ ಅತಿ ಹೆಚ್ಚು ಬರುವ ಪ್ರಶ್ನೆ, ಹೆಚ್ಚಾಗಿ ಸೊಸೆಯರಿಂದ. ಅತ್ತೆಯ ಜೊತೆ ಜಗಳ ಬೇಡ, ಜಾಗಕ್ಕೆ ಮಿತಿ ಹಾಕಿ. ಅಟ್ಟದ ಒಂದು ಮೂಲೆ, ಅಷ್ಟೇ. ಅದು ತುಂಬಿದ ಮೇಲೆ ಹೊಸತು ಇಡಬೇಕಾದರೆ ಹಳೆಯದೊಂದು ಇಳಿಯಬೇಕು. ಯಾವುದು ಇಳಿಯಬೇಕು ಎನ್ನುವುದನ್ನು ಅತ್ತೆಯೇ ಹೇಳಲಿ. ಅವರಿಗೇ ಗೊತ್ತು, ಆ ಹಾರ್ಲಿಕ್ಸ್ ಬಾಟಲಿ ಉಪ್ಪಿನಕಾಯಿಗೆ ಬೇಕಾ ಬೇಡವಾ ಎಂದು.

ವರ್ಷಕ್ಕೊಮ್ಮೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಮೊದಲು ಅಟ್ಟ ಪೂರ್ತಿ ಇಳಿಸಿ. ಆಮೇಲೆ ಮಳೆ ಹಿಡಿಯುತ್ತದೆ. ಒದ್ದೆಯಾದ ಪೇಪರು, ರಟ್ಟಿಗೆ ಗುಜರಿಯವರು ಅರ್ಧ ಬೆಲೆಯನ್ನೂ ಕೊಡುವುದಿಲ್ಲ.